ಮಡಿಕೆಗೆ ಕಳೆಯುವ ಪಾಲು

ಹೆಬ್ಬೆರಳು, ಮತ್ತೆ ಅದೇ ಹೆಬ್ಬೆರಳು, ಹಿತ್ತಾಳೆ ಅಳತೆಪಟ್ಟಿಯ ತುದಿಗೆ ಒತ್ತಿಕೊಂಡು, ಉಗುರಿನ ಸಂದಿಯಲ್ಲಿ ಕಪ್ಪು ಮೆತ್ತಿಕೊಂಡು, ತಗಡಿನ ಕತ್ತರಿಗೆ ಕೊಡಬೇಕು ಅದನ್ನು ಎಂದುಕೊಳ್ಳುತ್ತಾನೆ ಎಲ್ಮುರೋದ್, ಆ ಬೆರಳಿಟ್ಟೇ ಬೆಳಿಗ್ಗೆ ಕೆಲಸ ಕಲಿಸುವ ಉಸ್ತಾ ನಿಶಾನ್ ಗುರುತು ಹಾಕಿದ್ದು, ಕತ್ತರಿಸಿ ಮಡಿಸಿದ್ದು ಇವನು, ಈಗ ಮದುಮಗಳ ಪೆಟ್ಟಿಗೆಯ ಮೇಲೆ ಮುಚ್ಚಳ ಕೂರುತ್ತಿಲ್ಲ, ಒಂದು ಮೂಲೆ ಒತ್ತಿದರೆ ಇನ್ನೊಂದು ಏಳುತ್ತದೆ, ಹುಡುಗಿಯ ಅಪ್ಪ ತಲೆಯ ದೊಪ್ಪಿ ತೆಗೆದು ಮತ್ತೆ ಹಾಕುತ್ತಾನೆ, ಅಲ್ಲ ಉಸ್ತಾ, ಸಂಜೆ ಗಂಡಿನ ಕಡೆಯೋರು ಬರ್ತಾರೆ, ಹಗ್ಗ ಬಿಗಿದು ಕಳಿಸ್ಲಾ, ಕೋಕಂದ್ ಊರೆಲ್ಲ ನಗಲ್ವಾ, ಮುದುಕ ಉಸ್ತಾ ಕಣ್ಣು ಮಿಟುಕಿಸದೆ, ನನ್ ಗುರುತು ಸರಿಯಾಗೇ ಇತ್ತು, ಈ ಕತ್ತೆ ಕೆಡಿಸ್ದ — ಇವನು ಮೊದಲೇ ಹೇಳಿರಲಿಲ್ಲವೇ, ಹೇಳಿದ್ದ, ಉಸ್ತಾ ಈ ತಗಡು ಹಳೇದರ ಎರಡರಷ್ಟು ದಪ್ಪ, ಮಡಿಸಿದ ಕಡೆ ಜಾಸ್ತಿ ಹಿಗ್ಗುತ್ತೆ, ಮಡಿಕೆಗೆ ಅಂತ ಅಳತೇಲಿ ಇನ್ನೊಂಚೂರು ಕಳೀಬೇಕು, ಅದಕ್ಕೆ ಮುದುಕ ಏನೆಂದ, ಎಂಟನೇ ಕ್ಲಾಸಿಂದ ಓಡಿಬಂದೋನು ನಂಗೆ ಕಳೆಯೋ ಲೆಕ್ಕ ಹೇಳ್ಕೊಡ್ತಾನೆ ನೋಡ್ರಪ್ಪ, ಅಂಗಡಿ ಸಾಲಿನವರೆಲ್ಲ ನಕ್ಕರು, ನಗಲಿ, ಇವನು ತನ್ನ ಉಕ್ಕಿನ ಟೇಪಿನಲ್ಲಿ ಅಳೆದದ್ದೆಲ್ಲ ದೊಡ್ಡದಾಗಿಯೇ ಬರುತ್ತಿತ್ತು, ನಿನ್ ಕೈಯಲ್ಲಿ ಬರಕತ್ತಿಲ್ಲ ಕಣೋ, ವರ್ಷಗಟ್ಟಲೆ ಅದೇ ಮಾತು, ಹೋದ ವಾರ ಮುದುಕ ನಮಾಜಿಗೆ ಹೋದಾಗ ಟೇಪಿನ ಪಕ್ಕ ಆ ಪಟ್ಟಿ ಇಟ್ಟು ನೋಡಿದರೆ ತುದಿಯನ್ನು ಯಾರೋ ಅರ ಹಾಕಿ ಉಜ್ಜಿದ್ದಾರೆ, ಕೂದಲೆಳೆಗಿಂತ ದಪ್ಪ, ಕಡಲೆಗಿಂತ ಸಣ್ಣ, ಅಂದರೆ ಅದರಿಂದ ಅಳೆದ ಪ್ರತಿ ತುಂಡೂ ಅಷ್ಟಷ್ಟು ಗಿಡ್ಡ, ಮಡಿಕೆಯ ಪಾಲು ತಾನೇ ಕಳೆದುಹೋಗುತ್ತದೆ, ತೆಳ್ಳನೆ ತಗಡಿಗೆ ಸರಿಯಾಗಿ, ಲೆಕ್ಕ ತಲೆಯಲ್ಲಿಲ್ಲ, ಹಿತ್ತಾಳೆಯಲ್ಲಿದೆ, ಕಳ್ಳ, ಗುಟ್ಟು ಬಚ್ಚಿಟ್ಟ ಕಳ್ಳ — ಆದರೆ ಶುಕ್ರವಾರ ಫಾತಿಹಾ, ಕಲಿತು ಮುಗಿಸಿದವನನ್ನು ಹರಸುವ ದಿನ, ಉಸ್ತಾ ಸೊಂಟಕ್ಕೆ ನಡುಪಟ್ಟಿ ಕಟ್ಟಿ ಹರಸಿದರೆ ಮಾತ್ರ ಈ ಸಾಲಿನಲ್ಲಿ ಸ್ವಂತ ಅಂಗಡಿ, ನುಂಗಿಕೋ, ಶುಕ್ರವಾರದ ತನಕ ನುಂಗಿಕೋ, ಆ ಹೆಬ್ಬೆರಳು ನೋಡಬೇಡ, ಮುದುಕ ಹೇಳುತ್ತಿದ್ದಾನೆ, ಎದೆ ಮೇಲೆ ಕೈಯಿಟ್ಟು ಕ್ಷಮೆ ಕೇಳೋ ಯಜಮಾನ್ರನ್ನ, ನಂದೇ ತಪ್ಪು ಅನ್ನು, ಬೊಗಳು — ಕೈ ಆಗಲೇ ಟೇಪನ್ನು ಎಳೆದಾಗಿದೆ, ಪಟ್ಟಿಯ ಪಕ್ಕ ಬಡಿದಾಗಿದೆ, ನೋಡಿ ಯಜಮಾನ್ರೇ, ಇಲ್ಲಿ ಉಜ್ಜಿದ್ದಾರೆ, ಹಳೇ ತಗಡಿಗೆ ನಡೀತಿತ್ತು, ಇದಕ್ಕೆ ನಡೆಯಲ್ಲ, ಅಷ್ಟೂ ಗೊತ್ತಿಲ್ವಾ ನಿಮ್ ಉಸ್ತಾಗೆ, ಕೇಳಿ.

ಮುದುಕ ರೇಗುವುದಿಲ್ಲ, ಯಾಕೆ ರೇಗುವುದಿಲ್ಲ, ಯಾರು ಉಜ್ಜಿದ್ದು ಅನ್ನುತ್ತಾನೆ, ಇದು ನಮ್ ಉಸ್ತಾದು, ಸಾಯೋವಾಗ ಕೈಗೆ ಕೊಟ್ಟು ಹೋದ್ರು, ಏನೂ ಹೇಳ್ಲಿಲ್ವಲ್ಲ — ಗೊತ್ತಿರಲಿಲ್ಲ, ಮುದುಕನಿಗೂ ಗೊತ್ತಿರಲಿಲ್ಲ, ಅವನಿಂದಲೂ ಯಾರೋ ಬಚ್ಚಿಟ್ಟರು, ಹಾಗಂತ ಕರಗಬೇಕೇ, ಇಲ್ಲ, ಗೊತ್ತಿದ್ದು ಕತ್ತೆ ಎಂದಿದ್ದರೆ ಒಂದು ದಿನ ಮರೆಯಬಹುದಿತ್ತು, ಗೊತ್ತಿಲ್ಲದೆಯೇ ಅಂದೆಯಲ್ಲ, ಹೋಯಿತು ಶುಕ್ರವಾರ, ಹೋಗಲಿ, ಯಾರ ನಡುಪಟ್ಟಿ ಯಾರಿಗೆ ಬೇಕು, ಹುಡುಗಿಯ ಅಪ್ಪ ಏನೋ ಕೂಗುತ್ತಿದ್ದಾನೆ, ಎಲ್ಮುರೋದ್‌ಗೆ ಕೇಳಿಸುವುದಿಲ್ಲ, ಕಾಣುವುದು ಅದೊಂದೇ, ಹಿತ್ತಾಳೆಯ ತುದಿಯನ್ನು ಸವರುವ ಹೆಬ್ಬೆರಳು, ಇಲ್ಲದ ಚೂರಿಗಾಗಿ ಮತ್ತೆ ಸವರುವ ಹೆಬ್ಬೆರಳು, ಹೆಬ್ಬೆರಳು