ಸಣ್ಣದ ಬಿಳಿ

ಬಿಳಿ ಎಂದರೆ ಬಿಳಿ, ಅದರಲ್ಲಿ ಆರಿಸುವುದೇನು ಎನ್ನುವವರು ಉಡುಪಿಯ ಲ್ಯಾಮಿನೇಟ್ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಜೋಸ್ಲಿನ್ ಹತ್ತಿದ್ದಳು. ಅತ್ತೆ ಮಾವ ಇಬ್ಬರನ್ನೂ ಕರೆದುಕೊಂಡು ಹತ್ತಿದ್ದಳು. ಅಂಗಡಿಯ ಅಕ್ಷಿತ್ ಅಂಗೈಯಗಲದ ತುಂಡುಗಳನ್ನು ಇಸ್ಪೀಟಿನ ಎಲೆಗಳಂತೆ ಅವರ ಮುಂದೆ ಹರಡಿದ. ಎಲ್ಲವೂ ಬಿಳಿ. ಆದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟದ್ದೇ ತಡ, ಒಂದು ನೀಲಿಗೆ ಜಾರಿತು, ಒಂದು ಹಳದಿಗೆ ವಾಲಿತು, ಒಂದಂತೂ ಆಸ್ಪತ್ರೆಯ ಗೋಡೆಯೇ ಆಗಿಬಿಟ್ಟಿತು.

ಜೋಸ್ಲಿನ್ ಆಸ್ಪತ್ರೆಯೊಂದರಲ್ಲಿ ಕಿವಿ ಮಂದವಾದ ಮಕ್ಕಳಿಗೆ ಮಾತು ಕಲಿಸುತ್ತಿದ್ದವಳು. ಈಗ ಅಲೆವೂರಿನ ತಮ್ಮ ಮನೆಯ ಮುಂಗೋಣೆಯನ್ನೇ ಆಫೀಸು ಮಾಡಿಕೊಂಡು ಅದೇ ಕೆಲಸವನ್ನು ಸ್ವಂತವಾಗಿ ಮಾಡಲು ಹೊರಟಿದ್ದಳು. ಮೇಜು, ಕಪಾಟು ಎಲ್ಲವನ್ನೂ ತಾನೇ ಮಾಡಿಕೊಡುತ್ತೇನೆಂದು ಮಾವ ವಿಲ್ಫ್ರೆಡ್ ಪಟ್ಟು ಹಿಡಿದಿದ್ದ. ಬಹರೈನಿನಲ್ಲಿ ಮರಗೆಲಸದ ಫೋರ್‌ಮನ್ ಆಗಿದ್ದವನು ಅವನು. ಅಲ್ಲಿಂದ ಅವನು ತಂದದ್ದು ಎರಡೇ, ಒಂದು ಪೆಟ್ಟಿಗೆ ಉಪಕರಣ, ಇನ್ನೊಂದು ಮೇಲ್ತುಟಿ ಕೆಳತುಟಿ ಎರಡನ್ನೂ ಮುಚ್ಚುವ ಪೊದೆಮೀಸೆ. ಮೀಸೆಗೆ ಕತ್ತರಿ ತಾಗಿಸುವ ಮಾತೆತ್ತಿದರೆ ಮನೆಯಲ್ಲಿ ಊಟ ನಿಲ್ಲುತ್ತಿತ್ತು.

"ಇದು ನೋಡು, ಕನ್ನಡಿಯ ಹಾಗೆ ಉಂಟು," ಎಂದು ವಿಲ್ಫ್ರೆಡ್ ಪಳಪಳ ಹೊಳೆಯುವ ತುಂಡನ್ನು ಎತ್ತಿಕೊಂಡ. "ಆಫೀಸು ಅಂದ್ರೆ ಹೀಗಿರಬೇಕು ಮಾರಾಯ್ತಿ."

ಜೋಸ್ಲಿನ್‌ಗೆ ಹೊಳಪನ್ನು ಕಂಡರೇ ಭಯ. ನಿಟ್ಟೆಯಿಂದ ತನ್ವಿ ಎಂಬ ಐದು ವರ್ಷದ ಹುಡುಗಿ ಸೋಮವಾರ ಬರುವವಳಿದ್ದಳು. ಕಿವಿಯ ಯಂತ್ರ ಆ ಮಗುವಿಗೆ ಅರ್ಧ ಮಾತನ್ನಷ್ಟೇ ಕೊಡುತ್ತಿತ್ತು, ಉಳಿದರ್ಧವನ್ನು ಅವಳು ಎದುರಿನವರ ತುಟಿಯಿಂದ ಹೆಕ್ಕಿಕೊಳ್ಳಬೇಕು. ಆಸ್ಪತ್ರೆಯ ಹೊಳೆಯುವ ಮೇಜಿನ ಎದುರು ಅವಳು ಕಣ್ಣು ಮುಚ್ಚಿ ಅತ್ತದ್ದೇ ಹೆಚ್ಚು. "ಇನ್ನೊಂದು ಸಲ ನೋಡುವ ಮೇಡಂ, ಆಗದಿದ್ರೆ ಬಿಟ್ಟುಬಿಡುವ," ಎಂದಿದ್ದಳು ಅವಳ ತಾಯಿ ರೀನಾ. ಬಿಟ್ಟುಬಿಡುವ ಎಂಬ ಆ ಒಂದು ಮಾತು ಜೋಸ್ಲಿನ್‌ಳ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಹಾಗೆಂದು ಗಾಢ ಬಣ್ಣ ಹಾಕುವಂತೆಯೂ ಇಲ್ಲ, ಒಂದೇ ಕಿಟಕಿಯ ಆ ಕೋಣೆ ಗುಹೆಯಾಗುತ್ತದೆ. ಬಿಳಿಯೇ ಬೇಕು, ಮುಖಕ್ಕೆ ಬೆಳಕು ಕೊಡುವ, ಮಗುವಿನ ಕಣ್ಣಿಗೆ ಚುಚ್ಚದ ಬಿಳಿ. ಅದು ಯಾವುದೆಂದು ಅವಳಿಗೆ ಗೊತ್ತಾಗುವ ಬಗೆಯಾದರೂ ಹೇಗೆ? ಕಿವಿ ಕೇಳುವವರ ಕಣ್ಣಿಗೆ ಎಲ್ಲ ಬಿಳಿಯೂ ಸರಿಯೇ.

ಅಷ್ಟರಲ್ಲಿ ಅಕ್ಷಿತ್ ಅತ್ತೆಯ ಕಡೆ ತಿರುಗಿ, "ಮಕ್ಕಳಿಗೆ ಬಿಳಿ ಒಳ್ಳೇದು, ಅಲ್ವಾ ಅಮ್ಮಾ?" ಎಂದ.

ಅತ್ತೆ ಜೆರ್ಟ್ರೂಡ್ ಕಾಪುವಿನ ಹೆಣ್ಣು. ಮನೆಯಲ್ಲಿ ಕೊಂಕಣಿ, ನೆರೆಕರೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಮೂರರಲ್ಲೂ ಜಗಳವಾಡಿ ಗೆಲ್ಲಬಲ್ಲವಳು. ಅವಳು ಹುಬ್ಬೇರಿಸಿದಳು. "ಪಿಲಿಯಾ? ಸಣ್ಣ ಮಕ್ಕಳಿಗೆ ಪಿಲಿ ಎಂತಕ್ಕೆ? ಹೆದರಿಸ್ಲಿಕ್ಕಾ?"

ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಕೃಷ್ಣಾಷ್ಟಮಿ ಹತ್ತಿರವಾಗಿತ್ತು, ಉಡುಪಿಯ ಬೀದಿ ತುಂಬ ಹುಲಿವೇಷದ ಬ್ಯಾನರುಗಳು ನೇತಾಡುತ್ತಿದ್ದವು. ಅಕ್ಷಿತ್ ಹೊಟ್ಟೆ ಹಿಡಿದು ನಕ್ಕ. "ಇವಳಿಗೆ ಮೂರು ಭಾಷೆ ಕಲಸಿ ಚಿತ್ರಾನ್ನ ಆಗಿದೆ," ಎಂದು ವಿಲ್ಫ್ರೆಡ್ ಮೀಸೆಯೊಳಗೇ ನಕ್ಕ. ಜೆರ್ಟ್ರೂಡ್ ಅವರಿಬ್ಬರ ಮುಖವನ್ನೂ ನೋಡಿ, ಒಂದು ಗಳಿಗೆ ತಡೆದು, ತಾನೂ ನಕ್ಕಳು.

ಜೋಸ್ಲಿನ್ ನಗಲಿಲ್ಲ. ಕಿವಿಯಿಂದ ತಪ್ಪು ಕೇಳಿದವರಿಗೆ ಬಿಳಿ ಎಂಬುದು ಗಿಳಿಯಾಗುತ್ತದೆ, ಇಳಿಯಾಗುತ್ತದೆ. ಅದು ಪಿಲಿಯಾಗುವುದು ಕಣ್ಣಿನಿಂದ ಕೇಳುವವರಿಗೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಅಕ್ಷರ. ಮಕ್ಕಳ ತಾಯಂದಿರಿಗೆ ಅವಳು ಕಲಿಸುವ ಮೊದಲ ಪಾಠವೇ ಅದು.

ಮನೆಗೆ ಮರಳುವ ದಾರಿಯುದ್ದಕ್ಕೂ ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಕರೆಂಟು ಹೋದರೆ ಮಾಂಯ್, ಅಂದರೆ ಅತ್ತೆ, ಮೌನವಾಗುತ್ತಾಳೆ, ಜಪಮಾಲೆ ಹಿಡಿದಿದ್ದಾಳೆ ಎಂದು ಮನೆಯವರು ತಿಳಿದಿದ್ದರು. ಎಲ್ಲಿ ಹೋದರೂ ಎದುರಿನ ಕುರ್ಚಿಯೇ ಬೇಕು, ಪಕ್ಕದ್ದು ಬೇಡ. ಫೋನು ಬಂದರೆ ಕೈಗೆ ಹಿಟ್ಟು ಮೆತ್ತಿರುತ್ತದೆ. ಗಂಡನ ಮಾತಿಗೆ ಮಾತ್ರ ಉತ್ತರವೇ ಇಲ್ಲ. "ನಾನು ಹೇಳಿದ್ದು ಈ ಮನೆಯಲ್ಲಿ ಯಾರಿಗೆ ಬೇಕು," ಎಂದು ವಿಲ್ಫ್ರೆಡ್ ದಿನಾ ಗೊಣಗುತ್ತಿದ್ದ. ಆ ಮೀಸೆಯ ಕೆಳಗಿನ ತುಟಿಯನ್ನು ಯಾರು ತಾನೇ ಓದಿಯಾರು? ಮದುವೆಯಾಗಿ ಬಂದು ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಊರ ಮಕ್ಕಳ ಕಿವಿಯನ್ನೆಲ್ಲ ಪರೀಕ್ಷಿಸಿದವಳು ತಾನು. ದೀಪದ ಬುಡದಲ್ಲೇ ಕತ್ತಲೆ ಎಂದು ಸುಮ್ಮನೆ ಹೇಳುವುದಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಬೆರಗಾಯಿತು. ಯಾರೂ ಕಲಿಸದೆ ಮೂರು ಭಾಷೆಯ ತುಟಿಗಳನ್ನು ಓದುವುದೆಂದರೆ ಏನು ಸಾಮಾನ್ಯವೇ!

ಮರುದಿನ ಬೆಳಿಗ್ಗೆ ಮುಂಗೋಣೆಯಲ್ಲಿ, ಇನ್ನೂ ಹೊದಿಕೆ ಕಾಣದ ಮೇಜಿನ ಮೇಲೆ ಜೋಸ್ಲಿನ್, ಅಂಗಡಿಯಿಂದ ನೋಡಲೆಂದು ಕೇಳಿ ತಂದ ಮೂರು ದೊಡ್ಡ ಹಲಗೆಗಳಲ್ಲಿ ಹೊಳಪಿನದೊಂದನ್ನು ಹಾಸಿದಳು. "ಮಾಂಯ್, ಇಲ್ಲಿ ಕೂತ್ಕೊಳ್ಳಿ. ಯಾವ ಬಿಳಿ ಚಂದ ಅಂತ ನೀವೇ ಹೇಳ್ಬೇಕು," ಎಂದು ಅತ್ತೆಯನ್ನು ಮಗುವಿನ ಕುರ್ಚಿಯಲ್ಲಿ ಕೂರಿಸಿ ತಾನು ಎದುರು ಕುಳಿತಳು. ಮೆಲ್ಲಗೆ ಮಾತಾಡಿ ನೋಡುವುದೆಂದು ಮೊದಲು ಅಂದುಕೊಂಡಿದ್ದಳು. ಆದರೆ ಬಾಯಿ ತೆರೆದಾಗ ಸ್ವರವನ್ನೇ ಬಿಡದೆ ತುಟಿಯನ್ನಷ್ಟೇ ಆಡಿಸಿದಳು: ಇವತ್ತು ಮೀನು ಎಂತ?

ಜೆರ್ಟ್ರೂಡ್ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದಳು. "ಎಂತ? ಈ ಹಲಗೆ ತೆಗಿ, ಕಣ್ಣಿಗೆ ಹೊಡೀತದೆ."

ಎರಡನೆಯದು ಹೊಳಪಿಲ್ಲದ ಅಚ್ಚ ಬಿಳಿ. ಮತ್ತೆ ಅದೇ ಪ್ರಶ್ನೆ, ಮತ್ತೆ ಸ್ವರವಿಲ್ಲ. ಅತ್ತೆ ತಲೆಯಾಡಿಸಿದಳು. "ಇದ್ರಲ್ಲಿ ನೀನು ಕಪ್ಪಾಗಿ ಕಾಣ್ತಿ."

ಮೂರನೆಯದು ಅಂಗಡಿಯಲ್ಲಿ ಯಾರೂ ತಿರುಗಿ ನೋಡದ ತುಂಡು. ಹೊಳಪಿಲ್ಲ, ನೀಲಿಯಿಲ್ಲ, ಹಳದಿಯೆನ್ನುವಷ್ಟು ಹಳದಿಯೂ ಅಲ್ಲ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಹದವಾಗಿ ಜೋಸ್ಲಿನ್‌ಳ ಮುಖಕ್ಕೇರಿತು. ತುಟಿಗಳು ಆಡಿದವು.

"ಬಂಗುಡೆ," ಎಂದಳು ಜೆರ್ಟ್ರೂಡ್. "ನೀನೇ ಅಲ್ವಾ ಬೆಳಿಗ್ಗೆ ಮೀನಿನವಳ ಹತ್ರ ತೆಗೆದದ್ದು?" ಹಾಗೆಂದು ಹಲಗೆಯನ್ನು ಕೈಯಿಂದ ಸವರಿದಳು. "ಇದು ಒಳ್ಳೇದುಂಟು. ಸಣ್ಣದ ಬಿಳಿ."

ಸಣ್ಣ ಎಂದರೆ ಹಬ್ಬದ ದಿನ ಅವಳೇ ಕಳ್ಳು ಹಾಕಿ ಉಬ್ಬಿಸಿ ಹಬೆಯಲ್ಲಿ ಬೇಯಿಸುವ ಅಕ್ಕಿಯ ತಿಂಡಿ. ಹಬೆಯ ಪಾತ್ರೆಯಿಂದ ಆಗಷ್ಟೇ ತೆಗೆದ ಸಣ್ಣಕ್ಕೆ ಇರುವುದು ಸರಿಯಾಗಿ ಆ ಬಣ್ಣವೇ. ಯಾವ ಕಂಪನಿಯ ಪಟ್ಟಿಯಲ್ಲೂ ಆ ಹೆಸರು ಇರಲಿಕ್ಕಿಲ್ಲ.

ಬಾಗಿಲಲ್ಲಿ ವಿಲ್ಫ್ರೆಡ್ ನಿಂತಿದ್ದ. "ಜೆರ್ಟ್ರೂಡ್, ಯಾರ ಹತ್ರ ಮಾತಾಡ್ತಿ? ಅವಳು ಎಂತದೂ ಕೇಳಲೇ ಇಲ್ವಲ್ಲ?" ಎಂದ. ಬೆನ್ನು ತಿರುಗಿಸಿ ಕುಳಿತ ಹೆಂಡತಿ ಅಲುಗಲಿಲ್ಲ. ಅವನು ಇನ್ನೂ ಗಟ್ಟಿಯಾಗಿ ಕರೆದ. ಅವಳು ಹಲಗೆ ಸವರುತ್ತಲೇ ಇದ್ದಳು. ವಿಲ್ಫ್ರೆಡ್ ಸೊಸೆಯ ಮುಖ ನೋಡಿದ. ಸೊಸೆಯ ಕಣ್ಣು ತುಂಬಿತ್ತು. ಅದನ್ನು ಕಂಡೇ ಜೆರ್ಟ್ರೂಡ್ ತಿರುಗಿ ನೋಡಿದಳು, ಗಂಡನನ್ನು ಕಂಡಳು, ಎಲ್ಲ ಹೊರಬಿತ್ತೆಂದು ತಿಳಿದುಕೊಂಡಳು.

"ಯಾಕೆ ಹೇಳ್ಲಿಲ್ಲ ಮಾಂಯ್?" ಈ ಸಲ ಜೋಸ್ಲಿನ್ ಸ್ವರ ತೆಗೆದೇ ಕೇಳಿದಳು.

"ಮನೆಯಲ್ಲಿ ಕಿವಿಯ ಡಾಕ್ಟರು ನೀನು, ಅತ್ತೆ ಕೆಪ್ಪಿ. ಊರವರು ಎಂತ ಹೇಳಿಯಾರು? ನಿನ್ನ ಹೆಸರು ಹಾಳಾಗುವುದಿಲ್ವಾ?"

ಜೋಸ್ಲಿನ್ ಮೇಜು ಸುತ್ತಿ ಬಂದು ಅವಳನ್ನು ತಬ್ಬಿಕೊಂಡಳು. ಏನೋ ಹೇಳಹೊರಟು, ತಬ್ಬಿಕೊಂಡರೆ ತನ್ನ ತುಟಿ ಕಾಣುವುದಿಲ್ಲವೆಂದು ನೆನಪಾಗಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತು ಹೇಳಿದಳು. "ನಾನು ಕಾಲೇಜಿಗೆ ಹೋಗಿ ಕಲಿತದ್ದನ್ನು ನೀವು ಅಡುಗೆಮನೆಯಲ್ಲಿ ನಿಂತು ಕಲಿತಿದ್ದೀರಿ ಮಾಂಯ್. ನನಗೆ ನಿಮ್ಮಿಂದ ಹೆಸರು ಹಾಳಾಗುವುದಲ್ಲ, ಬರುವುದು." ಕಿವಿ ಪರೀಕ್ಷೆಗೆ ಜೆರ್ಟ್ರೂಡ್ ಒಪ್ಪಿದಳು, ಆದರೆ ಸೋಮವಾರ ಬರುವ ಮಗುವಿನ ಪಾಠ ಮೊದಲಾಗಲಿ ಎಂಬ ಷರತ್ತು ಹಾಕಿದಳು.

ವಿಲ್ಫ್ರೆಡ್ ಉಪಕರಣದ ಪೆಟ್ಟಿಗೆ ತೆರೆದ. ಕನ್ನಡಿಯಂಥ ಹಲಗೆಯನ್ನು ಗೋಡೆಗೆ ಮುಖ ಮಾಡಿ ಒರಗಿಸಿಟ್ಟ. ಭಾನುವಾರದ ಹೊತ್ತಿಗೆ ಮೇಜಿಗೆ ಸಣ್ಣದ ಬಿಳಿ ಹೊದಿಕೆ ಬಿದ್ದಿತ್ತು, ಅಂಚುಗಳು ಮಗುವಿನ ಕೈಗೆ ತಾಗದಂತೆ ದುಂಡಗಾಗಿದ್ದವು.

ಸೋಮವಾರ ತನ್ವಿ ಬಂದಳು. ಜೆರ್ಟ್ರೂಡ್ ಅವಳ ಪಕ್ಕದಲ್ಲೇ ಕುಳಿತಳು, ರೀನಾ ಬಾಗಿಲ ಬಳಿ ನಿಂತಳು. ಮಗು ಮೇಜು ನೋಡಿತು, ಕಣ್ಣು ಮುಚ್ಚಲಿಲ್ಲ. ಆಮೇಲೆ ಜೋಸ್ಲಿನ್‌ಳ ಮುಖ ನೋಡಿತು, ನೋಡುತ್ತಲೇ ಇತ್ತು. ಜೋಸ್ಲಿನ್ ಮೇಜನ್ನು ತಟ್ಟಿ ನಿಧಾನವಾಗಿ ಹೇಳಿದಳು: "ಬಿಳಿ."

ತನ್ವಿಯ ತುಟಿಗಳು ಕೂಡಿ ಬೇರಾದವು. "ಪಿ... ಪಿಯಿ," ಎಂದು, ಎರಡೂ ಕೈಗಳನ್ನು ಹುಲಿವೇಷದವರಂತೆ ಉಗುರು ಮಾಡಿ ಎತ್ತಿ ಗುರ್ರೆಂದಳು.

"ನೋಡು, ನೋಡು!" ಜೆರ್ಟ್ರೂಡ್ ಚಪ್ಪಾಳೆ ತಟ್ಟಿದಳು. "ನನ್ನದೇ ತಪ್ಪು! ಕಣ್ಣಾರೆ ಕೇಳಿತು ಮಗು!" ರೀನಾಳಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಿಟ್ಟುಬಿಡುವ ಮಾತು ಅಂದು ಬರಲಿಲ್ಲ. "ನಾಳೆ ಎಷ್ಟು ಗಂಟೆಗೆ ಬರ್ಬೇಕು ಮೇಡಂ?" ಎಂದು ಕೇಳಿ ಹೋದಳು.

ಕಿಟಕಿಯ ಹೊರಗೆ ನಿಂತು ವಿಲ್ಫ್ರೆಡ್ ಇದನ್ನೆಲ್ಲ ನೋಡಿದ್ದ. ಮರುದಿನ ಬೆಳಿಗ್ಗೆ ಅವನು ಮುಂಗೋಣೆಗೆ ಬಂದಾಗ ಜೋಸ್ಲಿನ್‌ಗೆ ಯಾರೋ ಅಪರಿಚಿತರು ಬಂದಂತಾಯಿತು. ಮೀಸೆ ಇರಲಿಲ್ಲ. ಬಿಸಿಲು ಕಾಣದ ಮೇಲ್ತುಟಿ ಮಗುವಿನ ಕೆನ್ನೆಯಷ್ಟು ಎಳೆಯದಾಗಿತ್ತು. ಹೆಂಡತಿಯನ್ನು ತನ್ವಿಯ ಕುರ್ಚಿಯಲ್ಲಿ ಕೂರಿಸಿ, ತಾನು ಎದುರು ಕುಳಿತು, ಸೊಸೆಗೆ ಬೆನ್ನು ಮಾಡಿ ಅವನು ಏನೋ ಹೇಳಿದ.

ಜೆರ್ಟ್ರೂಡ್ ಕಿವಿಯವರೆಗೂ ಕೆಂಪಾದಳು. "ಥೂ, ಸೊಸೆ ಇದ್ದಾಳೆ!" ಎಂದು ಅವನ ಕೈಗೊಂದು ಏಟು ಕೊಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡಳು. ಸೊಸೆ ಅಲ್ಲೇ ಇದ್ದಳು, ಎರಡು ಕಿವಿಯೂ ಚೆನ್ನಾಗಿದ್ದವು. ಅವಳಿಗೆ ಮಾತ್ರ ಏನೂ ಕೇಳಿಸಲಿಲ್ಲ.