ನೀರು ಬಲಗಡೆ

ನಮ್ಮ ಅಡುಗೆಮನೆಯ ಕಿಟಕಿಯಿಂದ ದ್ವೀಪ ಕಾಣುತ್ತದೆ. ಎದುರಿನ ಎರಡು ಕಟ್ಟಡಗಳ ನಡುವೆ ಒಂದು ಸಂದು, ಆ ಸಂದಿನಲ್ಲಿ ಒಂದಿಷ್ಟು ಸಮುದ್ರ, ಅದರ ಮೇಲೆ ಬೋರಲು ಹಾಕಿದ ಬಾಣಲೆಯಂತೆ ದ್ವೀಪ. ಪಾತ್ರೆ ತೊಳೆಯುವವರಿಗೆ ಮಾತ್ರ ಸಿಗುವ ನೋಟ ಅದು, ಅಂದರೆ ಹೆಚ್ಚಾಗಿ ನನಗೆ. ಅಲ್ಲಿಗೆ ಹೋಗಲು ದೋಣಿಯೂ ಬೇಡ. ನೀರು ಇಳಿದಾಗ ಕಲ್ಲು ಹಾಸಿದ ದಾರಿಯೊಂದು ಮೇಲೆ ಬರುತ್ತದೆ, ಏರಿದಾಗ ಮುಳುಗುತ್ತದೆ. ಊರಿನ ಅರ್ಧ ಜನ ಮಕ್ಕಳುಮರಿ ಕಟ್ಟಿಕೊಂಡು ಹೋಗಿ ಬಂದಿದ್ದಾರೆ. ನಾನು ಮಾತ್ರ ವರ್ಷಗಟ್ಟಲೆ ಕಿಟಕಿಯಲ್ಲೇ ನೋಡಿಕೊಂಡಿದ್ದೆ.

ನಾನು ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು. ಕತ್ತರಿ ಕೈಗೆತ್ತಿಕೊಂಡ ಮೇಲೂ ಇನ್ನೊಂದು ಸಲ ಅಳೆದು ನೋಡದೆ ನನಗೆ ಸಮಾಧಾನವಿಲ್ಲ. ಪಕ್ಕದ ಮೇಜಿನಲ್ಲಿ ಇಸ್ತ್ರಿ ಹಾಕುವವನು, ನಾನು ಮದುವೆಗೆ ಮುಂಚೆ ಹೆಂಡತಿಯನ್ನೂ ಟೇಪು ಹಿಡಿದು ಅಳೆದೇ ಒಪ್ಪಿಕೊಂಡಿರಬೇಕು ಎಂದು ಹೊಸಬರಿಗೆಲ್ಲ ಹೇಳುತ್ತಾನೆ. ಕೆಲಸದಲ್ಲಿ ಈ ಗುಣಕ್ಕೆ ಬೆಲೆಯಿದೆ. ಮನೆಯಲ್ಲಿ ಅದರಿಂದ ಏನಾಗುತ್ತಿದೆ ಎಂದು ನನಗೆ ಗೊತ್ತಾದದ್ದು ಆ ವಾರ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆ ವಾರ ಅವಳನ್ನು ಕರೆದು, ಇಡೀ ವಾರ್ಡಿಗೆ ಮುಖ್ಯ ನರ್ಸ್ ಆಗುತ್ತೀಯಾ ಎಂದು ಕೇಳಿದ್ದರು. ಅವಳಿಗಿಂತ ನಾನೇ ಹೆಚ್ಚು ಉಬ್ಬಿಹೋದೆ. ಇಸ್ತ್ರಿಯವನಿಗೆ ಹೇಳಿದೆ, ಗುಂಡಿ ಹೊಲಿಯುವ ಹೆಂಗಸರಿಗೆ ಹೇಳಿದೆ, ದಾರದ ಉಂಡೆ ತಂದುಕೊಡುವವನು ಏನೂ ಕೇಳದಿದ್ದರೂ ಅವನಿಗೂ ಹೇಳಿದೆ. ಆದರೆ ಆ ಕೆಲಸಕ್ಕೆ ಭಾನುವಾರವೂ ಹೋಗಬೇಕಿತ್ತು. ಭಾನುವಾರ ಶಾಲೆಯಿಲ್ಲ, ಶಿಶುವಿಹಾರವೂ ಇಲ್ಲ. ಮಕ್ಕಳು ನನ್ನ ಕೈಯಲ್ಲಿ. ಸೋಮವಾರ ಉತ್ತರ ಹೇಳುತ್ತೇನೆ ಎಂದು ಬಂದಿದ್ದಳಂತೆ. ಯಾವ ಉತ್ತರ ಎಂದು ನನಗೆ ಹೇಳಲಿಲ್ಲ. ಶುಕ್ರವಾರ ಅವಳು ಬಟ್ಟೆ ಒಣಗಿಸುತ್ತಾ ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಅವ್ರು ಒಳ್ಳೇವ್ರೇ ಕಣೇ ಅಕ್ಕ, ಅದಕ್ಕೇನೂ ಅನ್ನಲ್ಲ. ಆದ್ರೆ ಇಬ್ರನ್ನೂ ಕರ್ಕೊಂಡು ಮೂಲೆ ಅಂಗಡಿ ದಾಟಿದೋರಲ್ಲ. ಇಡೀ ದಿನ ಹೇಗೆ ಬಿಟ್ಟು ಹೋಗ್ಲಿ? ಬೇಡ ಅಂದ್ಬಿಡ್ತೀನಿ."

ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನ್ನನ್ನು ನೋಯಿಸಬಾರದೆಂದು, ನನಗೆ ತಿಳಿಯದಂತೆಯೇ, ಬಿಟ್ಟುಕೊಡುತ್ತಿದ್ದಳು.

ಆ ಒಂದು ಭಾನುವಾರ ಮಾತ್ರ ಅವಳು ತಪ್ಪಿಸಲಾಗದೆ ಯಾರದೋ ಬದಲಿಗೆ ಕೆಲಸಕ್ಕೆ ಹೊರಟಿದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ, ಮಕ್ಕಳನ್ನು ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ.

"ದ್ವೀಪಕ್ಕಾ? ನೀವಾ?"

"ನಾನೇ."

ಅವಳು ನನ್ನ ಮುಖ ನೋಡಿದಳು. ಬೇಡ ಎನ್ನುತ್ತಾಳೆಂದುಕೊಂಡೆ. ನಿಜ ಹೇಳಬೇಕೆಂದರೆ ಬೇಡ ಎನ್ನಲಿ ಎಂದೂ ಮನಸ್ಸಿನ ಒಂದು ಮೂಲೆಯಲ್ಲಿತ್ತು. ಟೋಪಿ ಹಾಕಿ, ನೀರು ಜಾಸ್ತಿ ಇಟ್ಟುಕೊಳ್ಳಿ, ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಚೀಲ ತುಂಬಿಸಿದೆ. ನೀರು, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಬದಲಿ ಬಟ್ಟೆ, ಬದಲಿ ಕಾಲುಚೀಲ, ಗಾಯಕ್ಕೆ ಪಟ್ಟಿ, ಟಾರ್ಚು, ಸೀಟಿ. ಎರಡನೇ ತರಗತಿಯ ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಅವಳಿಗೆ ಮನೆಯಲ್ಲಿ ದೊಡ್ಡವಳು ಎಂದೇ ಹೆಸರು.

"ಅಪ್ಪ, ನಾವು ಮನೆ ಬದಲಾಯಿಸ್ತಾ ಇದೀವಾ?" ಎಂದಳು.

ಅವಳ ತಮ್ಮ ಗುಂಡ. ಈಗಷ್ಟೇ ಶಿಶುವಿಹಾರ ಸೇರಿದವನು. ನಾಲ್ಕು ಮನೆ ದಾಟುವಷ್ಟರಲ್ಲಿ ಕಾಲು ನೋವೆಂದು ಕೈ ಮೇಲೆತ್ತುವವನು. ಕೊನೆಗೆ ನಾನು ಜೇಬಿಗೆ ಇನ್ನೊಂದು ವಸ್ತು ಹಾಕಿಕೊಂಡೆ, ಬಟ್ಟೆಯ ಮೇಲೆ ಗೆರೆ ಹಾಕುವ ನನ್ನ ಸೀಮೆಸುಣ್ಣದ ಬಿಲ್ಲೆ. ದ್ವೀಪದ ನಡುವೆ ಆಳೆತ್ತರದ ಪೊದೆಗಳಿವೆ, ಅವುಗಳೊಳಗೆ ಆಡು ಓಡಾಡಿದ ಕಾಲುದಾರಿಗಳು ಎಲ್ಲೆಂದರಲ್ಲಿ ಕವಲೊಡೆಯುತ್ತವೆ ಎಂದು ಕಾರ್ಖಾನೆಯಲ್ಲಿ ಕೇಳಿದ್ದೆ. ಕವಲು ಬಂದಲ್ಲೆಲ್ಲ ಕಲ್ಲಿನ ಮೇಲೆ ಗುರುತು ಹಾಕಿದರೆ ವಾಪಸು ಬರುವಾಗ ಯೋಚನೆಯಿಲ್ಲ. ಈ ಉಪಾಯ ಹೊಳೆದದ್ದಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಕಲ್ಲುದಾರಿಯ ಈಚೆ ತುದಿಯಲ್ಲಿ ಒಂದು ಸರಪಳಿ, ಒಬ್ಬ ಕಾವಲುಗಾರ. ನೀರು ಯಾವಾಗ ಏರುತ್ತದೆ ಎಂದು ಅವನನ್ನು ಕೇಳಿದೆ. ಹಲಗೆಯ ಮೇಲೆ ಬರೆದಿದೆ ನೋಡಿ ಎಂದ. ನೋಡಿದೆ, ಮತ್ತೆ ಕೇಳಿದೆ. ಊಟ ಮುಗಿಸಿ ತಡಮಾಡದೆ ಬಂದುಬಿಡಿ ಸಾರ್, ಇವತ್ತು ಬೇಗ ಏರುತ್ತೆ, ಎಂದ. ಮೂರನೆಯ ಸಲ ಕೇಳಲು ಬಾಯಿ ತೆರೆದಿದ್ದೆ. ದೊಡ್ಡವಳು ನನ್ನ ಅಂಗಿ ಹಿಡಿದೆಳೆದಳು.

ಆಚೆ ದಡ ಮುಟ್ಟಿದ ಮೇಲೆ ನಡೆದದ್ದನ್ನು ನಾನು ಬಹಳ ದಿನ ನೆನೆಸಿಕೊಂಡಿದ್ದೇನೆ. ಪೊದೆಯೊಳಗೆ ನೆರಳು, ತಂಪು, ಉಪ್ಪಿನ ವಾಸನೆ. ದೊಡ್ಡವಳು ಮುಂದೆ, ಗುಂಡ ನಡುವೆ, ನಾನು ಹಿಂದೆ. ಅವರಿಗೆ ಒಂದು ಏಡಿಯ ಚಿಪ್ಪು ಸಿಕ್ಕಿತು. ಯಾರೋ ಬಿಟ್ಟುಹೋದ ಬೆಂಕಿಯ ಕರಿ ಸಿಕ್ಕಿತು. ಅದು ಕಳ್ಳರದು ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಕಳ್ಳರು ಈಗ ಎಲ್ಲಿದ್ದಾರೆ ಎಂದು ಗುಂಡ ಕೇಳಿದ. ಭಾನುವಾರ ಅವರಿಗೂ ರಜೆ ಎಂದು ಅಕ್ಕ ಹೇಳಿದಳು. ಕವಲು ಸಿಕ್ಕಿದಲ್ಲೆಲ್ಲ ನಾನು ನಿಂತು, ಎದುರಿಗೆ ಕಾಣುವ ಕಲ್ಲನ್ನು ಆರಿಸಿ, ಅಂಗೈಯಿಂದ ಒರೆಸಿ, ಬಾಣದ ಗುರುತು ಬರೆಯುತ್ತಿದ್ದೆ. ಗುರುತು ಹಾಕುವುದರಲ್ಲೇ ಮುಳುಗಿದ್ದರಿಂದ ದಾರಿಯನ್ನು ನೋಡಲೇ ಇಲ್ಲ ಎನ್ನುವುದು ಆಗ ಹೊಳೆಯಲಿಲ್ಲ.

ಪೊದೆ ಮುಗಿದದ್ದು ದ್ವೀಪದ ಹಿಂಬದಿಯಲ್ಲಿ. ಅಲ್ಲಿಂದ ಊರು ಕಾಣುವುದಿಲ್ಲ. ಬರೀ ಸಮುದ್ರ. ಬಂಡೆಯ ಮೇಲೆ ಕೂತು ಮೊಟ್ಟೆ ತಿಂದೆವು. ಎಲ್ಲಿಂದಲೋ ಮಂಜಿನಂಥ ತುಂತುರು ಬಂತು, ಮುಖಕ್ಕೆ ಮುತ್ತಿಟ್ಟಂತೆ ತಾಗಿ ಸ್ವಲ್ಪ ಹೊತ್ತಿಗೆ ಹೋಯಿತು. ಮಕ್ಕಳು ನಾಲಿಗೆ ಚಾಚಿ ಕುಣಿದರು. ಟೋಪಿ ಸರಿಮಾಡಿ, ಚೀಲ ಕಟ್ಟಿ, ಕಾವಲುಗಾರ ಹೇಳಿದಂತೆ ತಡಮಾಡದೆ ಹೊರಟೆ.

ಮೊದಲ ಕವಲಿನ ಕಲ್ಲಿನ ಮೇಲೆ ಏನೂ ಇರಲಿಲ್ಲ.

ಬೇರೆ ಕಲ್ಲಿರಬೇಕು ಎಂದುಕೊಂಡೆ. ಬಗ್ಗಿ ಅಕ್ಕಪಕ್ಕದ್ದೆಲ್ಲ ನೋಡಿದೆ. ಎಲ್ಲವೂ ತುಂತುರಿಗೆ ಒದ್ದೆಯಾಗಿ, ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಒಂದು ದಾರಿ ಹಿಡಿದು ಸ್ವಲ್ಪ ದೂರ ಹೋದೆವು, ಮುಳ್ಳಿಗೆ ಬಂದು ಮುಟ್ಟಿತು. ಇನ್ನೊಂದು ಹಿಡಿದೆವು, ಅದು ಸುತ್ತಿಕೊಂಡು ಅದೇ ಬಂಡೆಗೆ ತಂದು ಬಿಟ್ಟಿತು. ಆಗ ಅರ್ಥವಾಯಿತು. ನಮ್ಮ ಸೀಮೆಸುಣ್ಣ ಮಾಡಿರುವುದೇ ಅಳಿಸಿಹೋಗಲಿ ಎಂದು. ಒಂದು ಸಲ ಕೊಡವಿದರೆ ಕೋಟಿನ ಮೇಲೆ ಅದರ ಸುಳಿವೂ ಉಳಿಯಬಾರದು, ಗಿರಾಕಿಗೆ ಕಾಣಬಾರದು. ಹೊಸದಾಗಿ ಬಂದವರಿಗೆ ಈ ಮಾತನ್ನು ಕಲಿಸುವವನೇ ನಾನು. ಇಷ್ಟು ವರ್ಷ ಅದನ್ನೇ ಕೈಯಲ್ಲಿ ಹಿಡಿದವನಿಗೆ ಅದರ ಮೇಲೆ ಎಷ್ಟು ನಂಬಿಕೆಯೆಂದರೆ, ಕಲ್ಲಿನ ಮೇಲೂ ಅದು ನನ್ನ ಮಾತು ಕೇಳುತ್ತದೆಂದುಕೊಂಡಿದ್ದೆ.

ಪೊದೆಯೊಳಗೆ ಹೀಗೇ ಸುತ್ತುತ್ತಿದ್ದರೆ ಕಲ್ಲುದಾರಿ ಮುಳುಗುತ್ತದೆ, ರಾತ್ರಿಯಾದರೂ ಇಲ್ಲೇ ಕೂರಬೇಕು. ಹೆಂಡತಿ ಮನೆಗೆ ಬಂದು ಬೀಗ ನೋಡುತ್ತಾಳೆ. ನಾಳೆ ಅವಳು ಬೇಡ ಎಂದು ಹೇಳುವುದಕ್ಕೆ ನಾನೇ ಕೈಯಾರೆ ಕಾರಣ ಕೊಟ್ಟಂತಾಗುತ್ತದೆ. ಮಕ್ಕಳ ಮುಂದೆ ಏನೂ ಆಗಿಲ್ಲವೆಂಬಂತೆ ಮುಖ ಮಾಡಿಕೊಂಡು ನಿಂತೆ. ದೊಡ್ಡವಳ ಹತ್ತಿರ ಈ ನಾಟಕವೆಲ್ಲ ನಡೆಯುವುದಿಲ್ಲ.

"ದಾರಿ ತಪ್ಪಿತಾ ಅಪ್ಪ?"

"ಹೂಂ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವಳು ಅಳುತ್ತಾಳೇನೋ ಎಂದು ಹೆದರಿದೆ. ಅವಳು ಹುಬ್ಬು ಗಂಟಿಕ್ಕಿ ಸಮುದ್ರವನ್ನೂ ಪೊದೆಯನ್ನೂ ನೋಡಿದಳು, ಲೆಕ್ಕದ ಪ್ರಶ್ನೆಗೆ ಮುಖ ಮಾಡಿ ಕೂತಾಗ ನೋಡುವ ಹಾಗೆ.

"ಇದು ದ್ವೀಪ ಅಲ್ವಾ?"

"ಹೌದು."

"ದ್ವೀಪ ಅಂದ್ರೆ ಸುತ್ತ ನೀರು. ಮತ್ತೆ ಒಳಗ್ಯಾಕೆ ಹೋಗ್ಬೇಕು? ನೀರಿನ ಪಕ್ಕದಲ್ಲೇ ನಡ್ಕೊಂಡು ಹೋದ್ರೆ ಕಲ್ಲುದಾರಿ ಸಿಗ್ಲೇಬೇಕು. ಅದೂ ನೀರಲ್ಲೇ ತಾನೇ ಇರೋದು?"

ಶಾಲೆಯಲ್ಲಿ ಎಲ್ಲ ಮಕ್ಕಳೂ ಬಾಯಿಪಾಠ ಮಾಡುವ ಮಾತು. ನಾನೂ ಮಾಡಿದ್ದೆ. ಅದರ ಮೇಲೆ ಕಾಲಿಟ್ಟು ನಡೆಯಬಹುದೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು, ಅದು ನನ್ನದು. ಎಡಕ್ಕೋ ಬಲಕ್ಕೋ? ಸಮುದ್ರದ ಕಡೆ ಮುಖ ಮಾಡಿ ನಿಂತರೆ ಬಲಗಡೆ ಕಡಿದಾದ ಬಂಡೆಗಳು, ಎಡಗಡೆ ಉರುಟು ಕಲ್ಲುಗಳ ದಡ. ಯಾವುದು ಹತ್ತಿರ, ಯಾವುದು ದೂರ, ಗೊತ್ತಿಲ್ಲ. ಅಳೆಯಲು ಏನೂ ಇಲ್ಲ. ಕೇಳಲು ಯಾರೂ ಇಲ್ಲ. ಒಂದು ಕಡೆ ಸ್ವಲ್ಪ ದೂರ ಹೋಗಿ ನೋಡಿ ಬರೋಣವೆಂದರೆ ಅಷ್ಟು ಹೊತ್ತಿಲ್ಲ. ಗುಂಡನ ಕಾಲು ನೋಡಿದೆ. ಆ ಕಾಲಿಗೆ ಉರುಟು ಕಲ್ಲೇ ಸರಿ.

"ಎಡಕ್ಕೆ," ಎಂದೆ. "ನೀರು ಬಲಗಡೆ ಇರ್ಬೇಕು. ಏನೇ ಆದ್ರೂ ಬಲಗಡೆ."

ಜೀವಮಾನದಲ್ಲಿ ಎರಡನೇ ಸಲ ಯೋಚಿಸದೆ ನಾನು ಹೇಳಿದ ಮಾತು ಅದೊಂದೇ ಇರಬೇಕು.

ದಡದಲ್ಲಿ ಪಾಚಿಯ ಒಂದು ಗೆರೆಯಿತ್ತು, ನೀರು ಏರಿದರೆ ಎಲ್ಲಿಯವರೆಗೆ ಬರುತ್ತದೆಂದು ಅದರಿಂದ ತಿಳಿಯುತ್ತಿತ್ತು. ಅದರ ಮೇಲ್ಗಡೆಯೇ ನಡೆಸಿದೆ. ಉರುಟು ಕಲ್ಲುಗಳು ಕಾಲ ಕೆಳಗೆ ಜಾರುತ್ತಿದ್ದವು. ಗುಂಡನನ್ನು ಎತ್ತಿಕೊಂಡೆ. ನಾಲ್ಕು ಹೆಜ್ಜೆಗೆ ನನ್ನ ಕಾಲು ತಿರುಚಿತು, ಇಬ್ಬರೂ ಬೀಳುವಂತಾಯಿತು. ಕೆಳಗಿಳಿಸಿದೆ. ಎತ್ತಿಕೊಂಡರೆ ಇಬ್ಬರೂ ಬೀಳುತ್ತೇವೆ ಮಗನೇ, ಕೈ ಹಿಡಿದುಕೋ, ನೀನೇ ನಡೀಬೇಕು, ಎಂದೆ. ಅವನ ಕೆಳತುಟಿ ಮುಂದೆ ಬಂತು. ಎಲ್ಲ ಮುಗಿಯಿತು ಎಂದುಕೊಂಡೆ. ಅಕ್ಕ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅವನು ಮೂಗೊರೆಸಿಕೊಂಡು ನಡೆಯತೊಡಗಿದ.

ನಡೆದ. ಬಿದ್ದ, ಎದ್ದ, ಅಂಗೈ ನೋಡಿಕೊಂಡ, ಮತ್ತೆ ನಡೆದ. ಒಂದು ಕಡೆ ಬಂಡೆಯೊಂದು ದಡಕ್ಕೆ ಅಡ್ಡ ಮಲಗಿತ್ತು. ನಾನು ಮೊದಲು ಹತ್ತಿ ಕೈ ಕೊಟ್ಟೆ. ಅವನು ನನ್ನ ಕೈಯನ್ನು ತಳ್ಳಿ, ಹೊಟ್ಟೆ ಬಂಡೆಗೆ ಒತ್ತಿ, ಹಲ್ಲಿಯ ಹಾಗೆ ತೆವಳಿ ಮೇಲೆ ಬಂದ. ಬಂದವನು ನೆಟ್ಟಗೆ ನಿಂತು, ಇಡೀ ಸಮುದ್ರಕ್ಕೆ ಕೇಳುವ ಹಾಗೆ, ತಾನು ಬಂದೆ ಎಂದು ಸಾರಿದ. ಮೂಲೆ ಅಂಗಡಿಗೆ ಹೋಗುವಾಗ ಇವನನ್ನು ನಾನು ಎತ್ತಿಕೊಳ್ಳುತ್ತಿದ್ದೆ. ಅವನು ಕೈ ಮೇಲೆತ್ತುವುದಕ್ಕೂ ಮುಂಚೆಯೇ, ಬಹಳ ಸಲ.

ತಿರುವು ದಾಟಿದ ಮೇಲೆ ತಿರುವು. ಪ್ರತಿಯೊಂದರ ಆಚೆಯೂ ಕಲ್ಲುದಾರಿ ಕಾಣುತ್ತದೆಂದು ನೋಡುವುದು, ಕಾಣದಿರುವುದು. ನೀರು ಪಾಚಿಯ ಕಡೆಗೆ ಏರುತ್ತಿತ್ತು. ತಪ್ಪು ಕಡೆ ಬಂದೆನೋ, ಈಗ ತಿರುಗಿದರೂ ಆದೀತೋ ಎಂದು ತಲೆಯೊಳಗೆ ಒಂದೇ ಗಿರಕಿ. ಬಾಯಲ್ಲಿ ಮಾತ್ರ ಹುಷಾರು, ಹುಷಾರು ಎನ್ನುತ್ತಿದ್ದೆ. ಅಪ್ಪ, ನೀನು ಹುಷಾರು ಅಂದಾಗಲೇ ನಾವು ಎಡವೋದು, ಎಂದಳು ದೊಡ್ಡವಳು. ಬಾಯಿ ಮುಚ್ಚಿದೆ. ನಿಜಕ್ಕೂ ಆಮೇಲೆ ಯಾರೂ ಎಡವಲಿಲ್ಲ.

ಮೊದಲು ಕಂಡದ್ದು ಊರಿನ ಕಟ್ಟಡಗಳು. ಆಮೇಲೆ ಕಲ್ಲುದಾರಿ, ಇನ್ನೂ ಒಣಗಿದ್ದದ್ದು, ಎರಡೂ ಅಂಚಿನಲ್ಲಿ ನೀರು ಮೆಲ್ಲಗೆ ಮೂಸುತ್ತಿದ್ದದ್ದು. ಆಚೆ ತುದಿಯಲ್ಲಿ ಕಾವಲುಗಾರ ಬನ್ನಿ ಬನ್ನಿ ಎಂದು ಎರಡೂ ಕೈ ಬೀಸುತ್ತಿದ್ದ. ಗುಂಡನನ್ನು ಎತ್ತಿಕೊಳ್ಳಲು ಬಗ್ಗಿದೆ. ಅವನು ನನ್ನನ್ನು ಬಿಟ್ಟು ಓಡಿದ.

ಸರಪಳಿಯ ಬಳಿ ಕಾವಲುಗಾರ ನನಗೆ ಚೆನ್ನಾಗಿ ಮಂಗಳಾರತಿ ಮಾಡಿದ. ಅಷ್ಟು ಸಲ ಕೇಳಿಕೊಂಡು ಹೋದವರು ನೀವೇ ಕೊನೆಗೆ ಬರೋದಾ, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಿದ್ದಿರಿ ಎಂದ. ನಾನು ತಲೆ ತಗ್ಗಿಸಿ ನಿಂತಿದ್ದೆ. ಉತ್ತರ ಕೊಟ್ಟವಳು ದೊಡ್ಡವಳು.

"ನಾವು ಪೂರ್ತಿ ಆ ಕಡೆಯಿಂದ ಸುತ್ತು ಹಾಕ್ಕೊಂಡು ಬಂದ್ವಿ."

"ಇವ್ನೂನಾ?"

"ಇವ್ನೂ. ನಡ್ಕೊಂಡೇ."

ಕಾವಲುಗಾರ ಗುಂಡನ ಮೊಣಕಾಲು ನೋಡಿದ, ಅಂಗೈ ನೋಡಿದ. ನನ್ನ ಮೇಲಿನ ಸಿಟ್ಟನ್ನು ಅಲ್ಲಿಗೇ ಬಿಟ್ಟು ಅವನಿಗೆ ಒಂದು ಸಲ್ಯೂಟ್ ಹೊಡೆದ. ಗುಂಡ ತಿರುಗಿ ಹೊಡೆದ, ಎಡಗೈಯಲ್ಲಿ.

ಹೆಂಡತಿ ಕೆಲಸ ಮುಗಿಸಿ ಬಂದಾಗ ನಾನು ಬಚ್ಚಲಿನಲ್ಲಿ ಬೂಟು ತೊಳೆಯುತ್ತಿದ್ದೆ. ಏನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು ಎಂದು ಯೋಚಿಸಿಟ್ಟಿದ್ದೆ. ಅವಳು ಕೈಚೀಲ ಇಳಿಸುವುದಕ್ಕೂ ಬಿಡದೆ ಮಕ್ಕಳು ಎಲ್ಲವನ್ನೂ ಸುರಿದರು. ಅಪ್ಪ ಬಾಣ ಬರೆದರು, ಬಾಣ ಓಡಿಹೋದವು, ದಾರಿ ತಪ್ಪಿತು, ನೀರು ಬಲಗಡೆ, ಬಂಡೆ, ಕಳ್ಳರು, ಸಲ್ಯೂಟ್. ದಾರಿ ತಪ್ಪಿತು ಎನ್ನುವಾಗ ಅವಳು ನನ್ನ ಕಡೆ ತಿರುಗಿದಳು. ಬೂಟು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಎಲ್ಲ ಕೆಟ್ಟಿತು ಎಂದುಕೊಂಡೆ.

"ಗುರುತಿಲ್ಲ ಅಂತ ಗೊತ್ತಾದಾಗ ಏನ್ಮಾಡಿದ್ರಿ?" ಎಂದು ಕೇಳಿದಳು.

"ಹೆದರ್ಕೊಂಡೆ."

"ಆಮೇಲೆ?"

"ಆಮೇಲೂ ಹೆದರಿಕೆ ಇತ್ತು. ಇವ್ಳು ಹೇಳಿದ್ದು ಸರಿ ಅನ್ನಿಸ್ತು. ನಡೆದ್ವಿ."

ಅವಳು ಕೈಚೀಲವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ದೊಡ್ಡವಳನ್ನು ಹತ್ತಿರ ಕರೆದಳು. ನಾಳೆ ತನಗೆ ದೊಡ್ಡ ಕೆಲಸ ಸಿಗುತ್ತದೆ, ಭಾನುವಾರಗಳಲ್ಲಿ ತಾನು ಮನೆಯಲ್ಲಿ ಇರುವುದಿಲ್ಲ ಎಂದಳು. ಸಿಗಬಹುದು ಎನ್ನಲಿಲ್ಲ. ಸಿಗುತ್ತದೆ ಎಂದಳು. ನಾನು ಬೂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

"ನಾನಿಲ್ದಾಗ ಅಪ್ಪನ್ನ ನೋಡ್ಕೋತೀಯಾ?" ಎಂದು ತಮಾಷೆಗೆ ಕೇಳಿದಳು.

ದೊಡ್ಡವಳಿಗೆ ಅದು ತಮಾಷೆ ಎನ್ನಿಸಲಿಲ್ಲ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಒದ್ದೆ ಪ್ಯಾಂಟು, ತರಚಿದ ಮೊಣಕೈ, ಕೈಯಲ್ಲಿ ತಮ್ಮನ ಬೂಟು.

"ಯಾಕಮ್ಮ?" ಎಂದಳು. "ಅಪ್ಪಂಗೇ ನಮ್ಮನ್ನ ನೋಡ್ಕೊಳ್ಳೋಕೆ ಬರುತ್ತೆ."

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ತೊಳೆದಿದ್ದ ಬೂಟನ್ನೇ ಮತ್ತೆ ತೊಳೆದೆ. ಹೊರಗೆ ಅವಳು ತನ್ನ ಅಕ್ಕನಿಗೆ ಫೋನು ಮಾಡಿ, ನಮ್ಮ ಗುಂಡ ಇವತ್ತು ದ್ವೀಪ ಸುತ್ತಿ ಬಂದ ಕಣೇ, ಅವರಪ್ಪನ ಜೊತೆ, ಎಂದು ಹೇಳುತ್ತಿದ್ದಳು. ಅವರಪ್ಪನ ಜೊತೆ ಎಂಬುದನ್ನು ಎರಡು ಸಲ ಹೇಳಿದಳು. ಕೇಳಿಸಿಕೊಳ್ಳಲು ನಲ್ಲಿ ನಿಲ್ಲಿಸಿದೆ.