ಮೊದಲ ತುತ್ತು

ಈ ಸಂಬಂಧ ಹೊಂದಿಸಿದವನು ನಾನೇ, ದೇವಾನಂದ. ಆ ದಿನ ಎಲ್ಲರಿಗಿಂತ ಹೆಚ್ಚು ಹಸಿದವನೂ ನಾನೇ. ವಾಡಿಯಿಂದ ಬರೀ ಚಹಾ ಕುಡಿದು ಹೊರಟು, ಶಹಾಬಾದಿನ ಗಂಡಿನವರನ್ನು ಕರೆದುಕೊಂಡು ಕಾಳಗಿಯ ಜಗದೇವಪ್ಪನವರ ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅವರ ಮೊಮ್ಮಗಳು ಮೈತ್ರಿ ನರ್ಸು. ಹುಡುಗ ಸಂಘಪಾಲ ಚಿತ್ತಾಪುರ ಕೋರ್ಟಿನಲ್ಲಿ ವಕೀಲ. ಇಬ್ಬರೂ ಆಗಲೇ ಮನಸಾರೆ ಒಪ್ಪಿದ್ದರು. ಇನ್ನು ಊಟವಾದರೆ ಮಾತು ಮುಗಿದಂತೆ. ಬೀಗರು ಉಣ್ಣದೆ ಎದ್ದರೆ ಸಂಬಂಧ ಮುರಿದಂತೆ.

ತಾಟಿಗೆ ಹೋಳಿಗೆ ಬಿತ್ತು, ಮೇಲೆ ತುಪ್ಪ. ಯಾರೂ ಕೈ ಹಾಕಲಿಲ್ಲ. ಬೀಗರು ಉಣ್ಣದೆ ತಾವು ತುತ್ತು ಮುಟ್ಟುವುದಿಲ್ಲ, ಅದು ತಮ್ಮ ಮನೆಯ ರೀತಿ ಎಂದರು ಜಗದೇವಪ್ಪ. ಹುಡುಗನ ತಾಯಿ ಅನಸುಬಾಯಿ ನಕ್ಕು, ಊಟಕ್ಕೆ ಕರೆದ ಮನೆಯ ಹಿರಿಯರು ಮೊದಲ ತುತ್ತು ತಗೊಳ್ಳದೆ ಬಂದವರು ಉಣ್ಣಬಾರದು, ಇದು ತಮ್ಮ ಅತ್ತೆ ಹಾಕಿಕೊಟ್ಟ ರೀತಿ ಎಂದರು. ಇಬ್ಬರೂ ಎದುರಿನವರ ಮರ್ಯಾದೆಗಾಗಿಯೇ ಹಟ ಹಿಡಿದಿದ್ದರು. ಅಂಥ ಹಟದಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಮಧ್ಯಸ್ಥ ಮೊದಲು ಉಂಡರೆ ಹೊಟ್ಟೆಬಾಕ ಎನ್ನುತ್ತಾರೆ.

ವಕೀಲನಿಗೆ ಸುಮ್ಮನಿರಲಾಗಲಿಲ್ಲ. ಎರಡು ಕಾಯ್ದೆಗಳು ಒಂದಕ್ಕೊಂದು ಅಡ್ಡ ಬಂದರೆ ಹಳೆಯದು ಬಿದ್ದು ಈಚಿನದು ನಿಲ್ಲುತ್ತದೆ ಎಂದು ತಿಳಿಸಿ, ಯಾರ ರೀತಿ ಈಚಿನದು ಎಂದು ಕೇಳಿದ. ಜಗದೇವಪ್ಪ ತಮ್ಮದು ಮುತ್ತಜ್ಜನ ಕಾಲದ್ದೆಂದರು. ಅನಸುಬಾಯಿ ತಮ್ಮದು ಅದಕ್ಕೂ ಹಳೆಯದೆಂದರು. ಅತ್ತೆ ಹಾಕಿಕೊಟ್ಟದ್ದೆಂದು ಆಗಷ್ಟೇ ಹೇಳಿದ್ದನ್ನು ಮರೆತೇಬಿಟ್ಟಿದ್ದರು. ಕೊನೆಗೆ ಮುಖ ಬಿಗಿದುಕೊಂಡು, ಸೆರಗು ಸರಿಮಾಡಿಕೊಂಡು ಏಳಲು ನೋಡಿದರು. ಸಂಘಪಾಲನ ಮುಖ ಬಿಳಿಚಿತು.

ಬಡಿಸುತ್ತಿದ್ದ ಮೈತ್ರಿ ತುಪ್ಪದ ಗಿಂಡಿ ಕೆಳಗಿಟ್ಟಳು. ಒಂದು ತಾಟು ಎಳೆದುಕೊಂಡು ಎಲ್ಲರ ನಡುವೆ ಕುಳಿತು, ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡಳು.

"ನಮ್ಮ ಮನ್ಯಾಗ ಹಿರ್ಯಾರಕಿಂತ ಮೊದಲ ಹೆಣ್ಮಕ್ಕಳು ಉಂಡಿದ್ದೇ ಇಲ್ಲ," ಎಂದರು ಜಗದೇವಪ್ಪ.

"ನಮ್ಮ ಮನ್ಯಾಗೂ ಇಲ್ರಿ, ಕಾಕಾ," ಎಂದರು ಅನಸುಬಾಯಿ.

ಮೈತ್ರಿ ತುತ್ತು ನುಂಗಿದಳು. "ನೋಡ್ರಿ ಮತ್ತ, ಒಂದರಾಗಾದ್ರೂ ಎರಡೂ ಮನಿ ರೀತಿ ಕೂಡ್ತಲ್ಲ. ಇನ್ನ ಉಣ್ರಿ."

ಅನಸುಬಾಯಿ ಅವಳನ್ನೇ ದಿಟ್ಟಿಸಿದರು. ಆಮೇಲೆ ಗಿಂಡಿ ಎತ್ತಿ ತಮ್ಮ ಕೈಯಾರೆ ಅವಳ ತಾಟಿಗೆ ತುಪ್ಪ ಸುರಿದರು. ಸಂಬಂಧ ಗಟ್ಟಿಯಾಯಿತು. ಬಳಿಕ ಹಿರಿಯರಿಬ್ಬರಲ್ಲಿ ಮೊದಲ ತುತ್ತು ಯಾರು ತಗೊಂಡರೋ ನಾನು ನೋಡಲಿಲ್ಲ. ಅಷ್ಟರಲ್ಲಿ ನನ್ನ ಎರಡನೇ ಹೋಳಿಗೆ ನಡೆದಿತ್ತು.